ಒಯ್ದವರೇ ಬೆಳಗಬೇಕು

ಮಳವಳ್ಳಿ ಕಡೆಯ ನಮ್ಮ ಕೇರಿಯಲ್ಲಿ ಒಂದು ಕೊಪ್ಪರಿಗೆ ಇದೆ. ಹಿತ್ತಾಳೆಯದು, ಕೇರಿಯವರೆಲ್ಲ ಉಣ್ಣುವಷ್ಟು ಸಾರು ಒಂದೇ ಸಲಕ್ಕೆ ಬೇಯುವಷ್ಟು ದೊಡ್ಡದು. ಅಂಚಿನ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ನಮ್ಮ ಕೇರಿಯ ಹೆಸರು ಕೊರೆಸಿದ್ದೇವೆ, ಯಾರೊಬ್ಬರ ಮನೆಯ ಹೆಸರೂ ಇಲ್ಲ. ಬಾಡಿಗೆ ಅನ್ನೋ ಮಾತೇ ಇಲ್ಲ. ಮದುವೆ, ನಾಮಕರಣ, ಸಾವು, ಏನೇ ಇರಲಿ, ಬಂದು ಕೇಳಿ ಹೊತ್ತುಕೊಂಡು ಹೋಗಬಹುದು. ಒಂದೇ ಒಂದು ಕಟ್ಟಲೆ ಉಂಟು. ಒಯ್ದ ಮನೆಯವರೇ ಅದನ್ನು ವಾಪಸ್ ತಂದು, ಕೇರಿಯ ನಲ್ಲಿ ಹತ್ತಿರ ಕೂತು, ಎಲ್ಲರ ಕಣ್ಣೆದುರಿಗೆ ತಮ್ಮ ಕೈಯಾರೆ ಬೆಳಗಿ ಇಡಬೇಕು. ಆಳು ಕಳಿಸೋ ಹಾಗಿಲ್ಲ.

ನಾನು ಮಂಡ್ಯದ ಆಫೀಸೊಂದರಲ್ಲಿ ಗುಮಾಸ್ತೆ. ಮಗನ ನಾಮಕರಣಕ್ಕೆ ಒಯ್ದಾಗ ಸೀರೆ ಎತ್ತಿ ಕಟ್ಟಿ ನಾನೇ ಬೆಳಗಿದೆ. ಉಗುರಿನ ಮಸಿ ವಾರವಾದರೂ ಹೋಗಲಿಲ್ಲ. ಪಕ್ಕದ ಟೇಬಲ್ಲಿನವಳು "ಏನ್ರೀ ಇದು ಕೈ?" ಅಂದಳು. "ಕೊಪ್ಪರಿಗೆ ಬೆಳಗಿದೆ ಕಣ್ರೀ" ಅಂದೆ. ಅದರಲ್ಲಿ ಮುಚ್ಚುಮರೆ ಏನು ಬಂತು?

ಈ ಕಟ್ಟಲೆ ಮಾಡಿದವಳು ನಮ್ಮವ್ವ. ಅವಳು ಸುಮ್ಮಸುಮ್ಮನೆ ಮಾಡಲಿಲ್ಲ. ವಯಸ್ಸಿನ ಕಾಲವೆಲ್ಲ ಊರಿನ ದೊಡ್ಡಮನೆಯ ಹಿತ್ತಲಲ್ಲಿ ಪಾತ್ರೆ ಬೆಳಗಿದವಳು ಅವಳು. ನಾನು ಚಿಕ್ಕವಳಿದ್ದಾಗ ಜೊತೆಗೆ ಹೋಗಿ ಹುಣಸೆಹಣ್ಣು, ಬೂದಿ ಕಲಸಿ ಕೊಡುತ್ತಿದ್ದೆ. ಅವ್ವ ಬೆಳಗಿ ಬೆಳಗಿ, ಮುಖ ಕಾಣೋ ಹಾಗೆ ಮಾಡಿ, ಬಿಸಿಲಿಗೆ ಬೋರಲು ಹಾಕೋಳು. ಆಮೇಲೆ ಮನೆಯೊಡತಿ ಬಂದು, ಒಂದೊಂದಕ್ಕೂ ಮತ್ತೆ ನೀರು ಚಿಮುಕಿಸಿ, ಆಮೇಲೆ ಒಳಕ್ಕೆ ತಗೊಂಡು ಹೋಗೋಳು. ಒಂದು ದಿನವಾದರೂ ತಪ್ಪಿಸಿದವಳಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಪಾಲಿಗೆ ಕೈ ಕೆಸರು ನಮ್ಮದು, ಬಾಯಿ ಮೊಸರು ಅವರದು. ಥೂ!

ಆಗ ಊರಿಗೂ ಪಾತ್ರೆಗಳಿದ್ದವು. ಮಾರಿಗುಡಿ ಪಕ್ಕದ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿರುತ್ತಿದ್ದರು. ಊರ ಪಾತ್ರೆ ಅಂತ ಅವಕ್ಕೆ ಹೆಸರು. ನನ್ನ ಮದುವೆಗೆ ಅಪ್ಪ ಹೋಗಿ ಕೇಳಿದ್ದಕ್ಕೆ, "ಅದು ಊರೊಳಗೆ ಮಾತ್ರ ಕಣಪ್ಪ" ಅಂದು ಕಳಿಸಿದರು. ಊರ ವಂತಿಗೆ ಎತ್ತುವಾಗ ಮಾತ್ರ ನಮ್ಮ ಕೇರಿಯೂ ಊರೊಳಗೇ ಇತ್ತು, ನೋಡಿ! ನನ್ನ ಮದುವೆಯ ಸಾರು ಕೊನೆಗೆ ಕತ್ತರಿಸಿದ ಡ್ರಮ್ಮಿನಲ್ಲಿ ಬೆಂದಿತು. ಎಷ್ಟು ಉಜ್ಜಿದ್ದರೂ ಸೀಮೆಎಣ್ಣೆ ವಾಸನೆ ಹೋಗಿರಲಿಲ್ಲ. ಬಂದ ನೆಂಟರು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವತ್ತಿಗೂ ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಹಾಗೇ ಇದೆ.

ಆ ವರ್ಷವೇ ಅವ್ವ ಕೇರಿಯ ಮನೆ ಮನೆ ಹತ್ತಿ ಇಳಿದಳು. ತೂತು ಬಿದ್ದ ಚೊಂಬು, ಕಿವಿ ಮುರಿದ ತಪ್ಪಲೆ, ಮೂಲೆಗೆ ಬಿದ್ದ ಲೋಟ, ಇದ್ದಬದ್ದ ಹಿತ್ತಾಳೆಯೆಲ್ಲ ಗೋಣಿಚೀಲದಲ್ಲಿ ತುಂಬಿಸಿದಳು. ತನ್ನ ತೌರಿನಿಂದ ತಂದಿದ್ದ ಒಂದೇ ಒಂದು ಗಟ್ಟಿ ಚೊಂಬನ್ನೂ ಹಾಕಿದಳು. ಅವಳೂ ಕೇರಿಯ ಇನ್ನಿಬ್ಬರೂ ಮಂಡ್ಯದ ಪಾತ್ರೆ ಅಂಗಡಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ, ಅಷ್ಟನ್ನೂ ಸುರಿದು, ಕೊಪ್ಪರಿಗೆ ತಂದರು. ಯಾರ ಚೊಂಬು ಎಷ್ಟು ತೂಗಿತು ಅಂತ ಅಂಗಡಿಯವನು ಕೇಳಿದ್ದಕ್ಕೆ ಅವ್ವ, "ಎಲ್ಲಾ ಒಟ್ಟಿಗೆ ಆಕು, ಬುಡಿಸಿ ತೂಗಬ್ಯಾಡ" ಅಂದಳಂತೆ. ಹಾಗಾಗಿ ಅದರಲ್ಲಿ ಯಾರ ಪಾಲು ಹೆಚ್ಚು, ಯಾರದು ಕಮ್ಮಿ ಅಂತ ಯಾರಿಗೂ ಗೊತ್ತಿಲ್ಲ.

ಈಗ್ಗೆ ಎರಡು ವರ್ಷದ ಮಾತು. ಅಷ್ಟರಲ್ಲಿ ಊರ ಪಾತ್ರೆಗಳು ಕಾಣೆಯಾಗಿದ್ದವು. ಊರಲ್ಲಿ ಎರಡು ಪಾರ್ಟಿಯಾಗಿ, ಪಾತ್ರೆಯಲ್ಲೂ ಪಾಲು ಕೇಳಿ, ಹಂಚಿಕೊಂಡು, ಕೊನೆಗೆ ಇಬ್ಬರೂ ಗುಜರಿಗೆ ಹಾಕಿದ್ದರು. ಎಲ್ಲರೂ ಶಾಮಿಯಾನದ ಅಂಗಡಿಗೆ ಬಾಡಿಗೆ ಕೊಡೋರೇ. ಆ ಸಲ ದೊಡ್ಡಮನೆಯ ಮಗಳ ಮದುವೆ. ಛತ್ರದಲ್ಲಿ ಮದುವೆಯೇನೋ ಆಯಿತು, ನಾಳೆ ಬೀಗರೂಟ ಅನ್ನುವಾಗ ಶಾಮಿಯಾನದವನು ಕೈ ಎತ್ತಿದ. ಲಗ್ನದ ಕಾಲ, ಹೆಚ್ಚಿಗೆ ಕೊಟ್ಟವರಿಗೆ ಪಾತ್ರೆ ಹೋಗಿತ್ತು. ಮದ್ದೂರು, ಮಳವಳ್ಳಿ ಎಲ್ಲಿ ಕೇಳಿದರೂ ಇಲ್ಲ. ಮರಿ ಕಡಿಯಲು ಕಟ್ಟಿಹಾಕಿದೆ, ಬೀಗರು ಬರುತ್ತಾರೆ, ಬೇಯಿಸಲು ಪಾತ್ರೆಯಿಲ್ಲ.

ದೊಡ್ಡಮನೆಯ ಯಜಮಾನರು ನಮ್ಮ ಕೇರಿಯ ಬಾಯಿಗೆ ಬಂದು ನಿಂತರು. "ಕೊಪ್ಪರಿಗೆ ಕೊಡ್ಸಮ್ಮಿ. ಬಾಡ್ಗೆ ನೀನು ಕೇಳ್ದಷ್ಟು."

ಅವ್ವ ಮುಂಚೆ ಅವರನ್ನು ಬುದ್ಧಿ ಅಂತ ಕರೆಯುತ್ತಿದ್ದಳು. ಅದನ್ನು ಬಿಟ್ಟು ಬಹಳ ಕಾಲವಾಯಿತು. "ಬಾಡ್ಗೆ ಇಲ್ಲ ಗೌಡ್ರೆ. ಒಯ್ದೋರು ತಮ್ ಕೈಯಲ್ಲೇ ಬೆಳಗಿ ಇಡ್ಬೇಕು. ನಿಮ್ಮನೇರೇ ಬಂದು ಬೆಳಗ್ತಾರೆ ಅಂದ್ರೆ ತಗಂಡೋಗಿ."

"ಆಯ್ತು ಕಣಮ್ಮಿ, ಆಯ್ತು" ಅಂದರು ಅವರು. ಕಿವಿಗೆ ಹಾಕಿಕೊಂಡರೋ ಇಲ್ಲವೋ.

ನಾನು ಆ ವಾರ ರಜ ಹಾಕಿ ಊರಲ್ಲೇ ಇದ್ದೆ. ಅವ್ವನನ್ನು ಒಳಕ್ಕೆ ಎಳೆದು ಜಗಳ ತೆಗೆದೆ. "ನನ್ ಮದುವೆಗೆ ಡ್ರಮ್ಮಲ್ಲಿ ಬೇಯಿಸಿದ್ದು ಮರೆತೋಯ್ತಾ? ಕೊಡಬ್ಯಾಡ!"

"ಕೊಡ್ದಿದ್ರೆ ಅವ್ರಿಗೂ ನಮಗೂ ಏನವ್ವ ಯತ್ಯಾಸ? ಕೊಡಾನ. ಕಟ್ಲೆ ಮಾತ್ರ ಬುಡಬಾರ್ದು."

ಟ್ರ್ಯಾಕ್ಟರ್ ಬಂತು, ಕೊಪ್ಪರಿಗೆ ಹೋಯಿತು. ಊರಲ್ಲಿ ಎಲ್ಲರೂ ಸಾರು ಸುರಿದು ಉಂಡರು. ಅಂಚಿನ ಮೇಲಿನ ಹೆಸರನ್ನು ಬೀಗರು ಓದಿದರೋ, ಬಟ್ಟೆ ಸುತ್ತಿ ಮುಚ್ಚಿದ್ದರೋ, ನಾನು ನೋಡಲು ಹೋಗಲಿಲ್ಲ. ಮೂರನೇ ದಿನ ಕೊಪ್ಪರಿಗೆ ವಾಪಸ್ ಬಂತು. ಒಲೆಗೆ ಇಡುವ ಮುಂಚೆ ತಳಕ್ಕೆ ಮಣ್ಣು ಮೆತ್ತಬೇಕು ಅನ್ನೋದೂ ಅವರಿಗೆ ಗೊತ್ತಿರಲಿಲ್ಲ. ಹೊರಗೆಲ್ಲ ಮಸಿ ಗಟ್ಟಿ ಹಿಡಿದಿತ್ತು, ಒಳಗೆ ಕೊಬ್ಬು ಹೆಪ್ಪುಗಟ್ಟಿತ್ತು. ಜೊತೆಗೆ ಬಂದವನು ಯಾರು ಅಂದುಕೊಂಡಿರಿ? ನಮ್ಮ ಕೇರಿಯವನೇ, ಅವರ ಗದ್ದೆಗೆ ಕೂಲಿಗೆ ಹೋಗೋನು. ಬೂದಿ ತಗೊಂಡು ಬೆಳಗಲು ಕೂತ.

"ಏಳ್ಲಾ ಮ್ಯಾಕೆ!" ಅವ್ವನ ಕೂಗಿಗೆ ನಲ್ಲಿ ಹತ್ತಿರದ ಕೊಡಗಳೆಲ್ಲ ನಿಂತವು. "ನೀನು ಒಯ್ದಿದ್ದಾ? ನೀನು ಉಂಡಿದ್ದಾ?"

"ಇಲ್ಲ ಕಣತ್ತೆ. ಬೆಳಗ್ಬುಟ್ಟು ಬಾ ಅಂತ ಕೂಲಿ ಕೊಟ್ಟವ್ರೆ."

"ವಾಪಸ್ ಕೊಟ್ಬುಟ್ಟು ಬಾ ಓಗು."

ಅವನು ಹೋದ. ಕೊಪ್ಪರಿಗೆ ನಲ್ಲಿಯ ಪಕ್ಕದಲ್ಲೇ ಹಾಗೇ ಉಳಿಯಿತು. ಬುಧವಾರ ನೊಣ ಮುತ್ತಿದವು, ಗುರುವಾರ ನಾಯಿಗಳು ಬಂದವು. ದೊಡ್ಡಮನೆಯಿಂದ ಒಂದು ಸೊಲ್ಲಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ನಾನು ಅವ್ವನಿಗೆ ಅದನ್ನೇ ಹೇಳಿ ಹೇಳಿ ಉರಿಸಿದೆ.

ಉರಿಸದೆ ಏನು ಮಾಡಲಿ? ಭಾನುವಾರ ನನ್ನ ತಂಗಿಯ ಮಗಳ ಸೀಮಂತ. ಅಪ್ಪ ಇಲ್ಲದ ಮಗು, ನನ್ನ ಕೈಮೇಲೆ ಬೆಳೆದದ್ದು. ಅವಳ ಗಂಡನ ಕಡೆಯವರು ಆತಗೂರಿನಿಂದ ಬರುವವರು. ಅವರ ಮುಂದೆ ಮತ್ತೆ ಡ್ರಮ್ಮಿನ ಸಾರು ಬಡಿಸಬೇಕಾ? ನಮ್ಮದೇ ಪಾತ್ರೆ ನಮ್ಮ ಕಣ್ಣೆದುರಿಗೆ ಎಂಜಲಾಗಿ ಬಿದ್ದಿದೆ, ನಮ್ಮ ಮಗಳಿಗಿಲ್ಲ! ಶನಿವಾರ ಬೆಳಗ್ಗೆ ತಡೆಯಲಾರದೆ, ಅವ್ವ ಹಾಲು ಹಾಕಲು ಡೈರಿಗೆ ಹೋದ ಹೊತ್ತು ನೋಡಿಕೊಂಡು, ಹುಣಸೆಹಣ್ಣು ಬೂದಿ ತಗೊಂಡು ಹೋಗಿ ಕೂತೆ. ಒಂದು ಗೇಣಗಲ ಉಜ್ಜಿದ್ದೆನೋ ಇಲ್ಲವೋ, ಅವ್ವ ಬಂದು ಕೈ ಹಿಡಿದಳು.

"ಬುಡವ್ವ, ನಾನೇ ಬೆಳಗ್ಬುಡ್ತೀನಿ. ಮಗೀನ ಸೀಮಂತ ಮುಖ್ಯವಾ, ನಿನ್ ಹಟ ಮುಖ್ಯವಾ?"

"ಇಷ್ಟು ಓದಿ, ಕೆಲ್ಸ ಇಡ್ದು, ಕೊನೆಗೆ ನೀನೂ ಅವ್ರ ಇತ್ತಲಿಗೇ ಬೆಳಗಾಕೆ ಓಯ್ತೀಯಾ?"

ಬೂದಿ ಅಲ್ಲೇ ಸುರಿದು ಎದ್ದೆ. ಮನೆಗೆ ಹೋಗಿ ತಂಗಿಯ ಮಗಳಿಗೆ ಹೇಳಿದೆ, "ನೋಡು ತಾಯಿ, ನಾಳೆ ಡ್ರಮ್ಮಲ್ಲೇ ಬೇಯಿಸಾನ." ಅವಳು ಹೊಟ್ಟೆ ಸವರಿಕೊಂಡು, "ಬೇಯಿಸಿ ದೊಡ್ಡವ್ವ. ಅಜ್ಜಿ ಕಟ್ಲೆ ಮಾತ್ರ ಮುರೀಬ್ಯಾಡಿ" ಅಂದಳು. ನಾವು ಡ್ರಮ್ಮು ತೊಳೆಯಲು ಶುರು ಮಾಡಿದೆವು.

ನಮ್ಮ ಹಟದ ಸುದ್ದಿ ಊರಲ್ಲಿ ಯಾರ್ಯಾರ ಬಾಯಿಗೆ ಬಿತ್ತೋ ಗೊತ್ತಿಲ್ಲ. ಮಧ್ಯಾಹ್ನ ಬಿಸಿಲು ಚುರುಗುಟ್ಟುವಾಗ ದೊಡ್ಡಮನೆಯ ಹೆಂಗಸು ಬಂದರು. ಅದೇ ಮನೆಯೊಡತಿ, ಅದೇ ನೀರು ಚಿಮುಕಿಸುತ್ತಿದ್ದ ಕೈ. ಈಗ ಅವ್ವನಷ್ಟೇ ತಲೆ ಬೆಳ್ಳಗಾಗಿದೆ. ಸೆರಗಿನಲ್ಲಿ ಹುಣಸೆಹಣ್ಣಿನ ಉಂಡೆ. ಗಂಡ ಜೊತೆಗಿರಲಿಲ್ಲ. ಕೇರಿಯೊಳಕ್ಕೆ ಅವರು ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾರನ್ನೂ ನೋಡದೆ ಕೊಪ್ಪರಿಗೆ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬೂದಿ ಹಚ್ಚಿ ಉಜ್ಜತೊಡಗಿದರು.

ಕೇರಿಯೆಲ್ಲ ಸುತ್ತ ನಿಂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಕುಣಿಯೋಷ್ಟು ಖುಷಿಯಾಯಿತು. ಉಜ್ಜಿ, ಚೆನ್ನಾಗಿ ಉಜ್ಜಿ ಅಂತ ಮನಸ್ಸಿನಲ್ಲೇ ಹಲ್ಲು ಕಡಿದೆ. ಅಷ್ಟು ಮಸಿ ಸುಲಭಕ್ಕೆ ಬಿಡುತ್ತದೆಯೇ? ಬಲಗೈ ಸೋತು ಅವರು ಎಡಗೈಯಲ್ಲಿ ಉಜ್ಜತೊಡಗಿದರು. ಒಬ್ಬಳು ಬಗ್ಗಿ ಕೈ ಹಾಕಲು ಹೋದಳು. ಅವ್ವ, "ಸುಮ್ಕಿರು" ಅಂದಳು. ತಾನು ಮಾತ್ರ ಕೊಡದಿಂದ ಚೊಂಬಿನಲ್ಲಿ ಮೊಗೆದು, ಬೇಕಾದಾಗಲೆಲ್ಲ ನೀರು ಹುಯ್ದಳು. ಕೇರಿಯಲ್ಲಿ ಯಾರು ಬೆಳಗಿದರೂ ಇನ್ನೊಬ್ಬರು ನೀರು ಹುಯ್ಯುತ್ತಾರೆ, ಅದು ಮೊದಲಿಂದ ಇರುವ ರೂಢಿ.

ಹೊತ್ತು ಇಳಿಯುವಷ್ಟರಲ್ಲಿ ಹಿತ್ತಾಳೆ ಬೆಳಗಿತು, ಕೇರಿಯ ಹೆಸರಿನ ಚುಕ್ಕಿಗಳು ಎದ್ದು ಕಂಡವು. ಆ ಹೆಂಗಸು ಎದ್ದು ನಿಂತು, ಮಸಿ ಕೈ ಹಾಗೇ ಹಿಡಿದುಕೊಂಡು, ಅವ್ವನ ಕೈಯಲ್ಲಿದ್ದ ಚೊಂಬನ್ನು ನೋಡಿದರು. ಚೊಂಬಿನ ತುಂಬ ನೀರಿತ್ತು. ಅವರಿಗೆ ನೆನಪಿತ್ತು. ನನಗೂ ನೆನಪಿತ್ತು. ಚಿಮುಕಿಸು ಅವ್ವ, ಒಂದು ಸಲ ಚಿಮುಕಿಸು ಅಂತ ನನ್ನ ಜೀವವೇ ಕೂಗುತ್ತಿತ್ತು.

"ಕೈ ತೊಳ್ಕಳಿ" ಅಂತ ಅವ್ವ ಆ ನೀರನ್ನು ಅವರ ಕೈಮೇಲೆ ಹುಯ್ದಳು. ಆಮೇಲೆ ನನ್ನ ಕಡೆ ತಿರುಗಿ, "ಆ ಕಡೆ ಕಿವಿ ಇಡ್ಕಳವ್ವ, ನಾಳೆ ಸಾರಿಗೆ ಬೇಕು" ಅಂದಳು. ಒಂದು ಹನಿ ಕೂಡ ಮೇಲೆ ಹಾಕದೆ, ಇಬ್ಬರೂ ಕೊಪ್ಪರಿಗೆಯನ್ನು ಒಳಕ್ಕೆ ತಗೊಂಡು ಹೋದೆವು.