ನೆಟ್ ಕಿತ್ತು ತೋರಿಸಿ ಎಂದ ಲೋಹಿತಾ

ಲೋಹಿತಾಳನ್ನು ನಾನು ಮೊದಲು ಕಂಡದ್ದು ತೋವಿನಕೆರೆಯ ಪ್ರೌಢಶಾಲೆಯಲ್ಲಿ, ಎಂಟನೆಯ ತರಗತಿ ಆರಂಭವಾದ ದಿನ. ಆಕೆಯ ತಂದೆ ಮಹಾಲಿಂಗಯ್ಯನವರು ಮಗಳನ್ನು ತೋಳುಗಳಲ್ಲಿ ಹೊತ್ತು ತಂದು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಬೇಸಗೆಯಲ್ಲಿ ಹುಣಸೆ ಮರದಿಂದ ಬಿದ್ದು ಹುಡುಗಿಯ ಕಾಲುಗಳು ಸ್ವಾಧೀನ ಕಳೆದುಕೊಂಡಿದ್ದವು. ನೆರವಾಗೋಣವೆಂದು ನಾನೂ ಕೈ ಚಾಚಿದೆ.

"ಸಾರ್, ನನ್ನ ಎತ್ಬ್ಯಾಡಿ. ಆ ಬೆಂಚ್ನೇ ಇತ್ಲಾಗೆ ಎಳೀರಿ," ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ನಾನು ಬೆಂಚನ್ನು ಎಳೆದೆ. ಮೇಷ್ಟರಿಗೇ ಅಪ್ಪಣೆ ಕೊಟ್ಟ ಆ ಹುಡುಗಿ ಮೂರು ವರ್ಷ ನನ್ನಲ್ಲಿ ಕನ್ನಡ ಕಲಿತಳು. ವಿಭಕ್ತಿ ಪ್ರತ್ಯಯಗಳಲ್ಲಿ ತಪ್ಪಿದವಳಲ್ಲ; ಬರವಣಿಗೆ ಮಾತ್ರ ಕೋಳಿ ಕೆದರಿದ ಹಾಗೆ.

ಮುಂದೆ ಪದವಿ ಮುಗಿಸಿ, ಪರೀಕ್ಷೆ ಬರೆದು, ಮಧುಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾದಳು. ನಿವೃತ್ತಿಯ ನಂತರ ನಾನೂ ಮಧುಗಿರಿಯಲ್ಲೇ ನೆಲೆಸಿದ್ದೆ. ಬೆಟ್ಟದ ಕೆಳಗಿನ ಬೀದಿಯಲ್ಲಿ, ಮೆಟ್ಟಿಲಿಲ್ಲದ ಎರಡು ಕೋಣೆಯ ಮನೆಯೊಂದನ್ನು ಅವಳೇ ಹುಡುಕಿಕೊಂಡಳು. ಒಬ್ಬಳೇ ಇರುತ್ತೇನೆಂದು ಅವಳ ಹಟ. ತಂದೆಗೆ ಸುತರಾಂ ಒಪ್ಪಿಗೆಯಿಲ್ಲ. ಕೊನೆಗೆ ಅವಳ ಅಣ್ಣ ಗೌರೀಶ್ ಒಂದು ಉಪಾಯ ಮಾಡಿದ. ಫೋನಿನಿಂದ ಹೊತ್ತುವ ದೀಪಗಳನ್ನೂ ಫೋನಿನಿಂದಲೇ ತೆರೆಯುವ ಬಾಗಿಲ ಬೀಗವನ್ನೂ ತರಿಸಿ ಕೂಡಿಸಿದ. ಮಂಚದಿಂದ ಏಳದೆಯೇ ಮನೆ ನಡೆಯಿತು. ಮಹಾಲಿಂಗಯ್ಯನವರು ಅರೆಮನಸ್ಸಿನಿಂದ, "ಆಗ್ಲಿ, ಇರು. ಇವು ಒಂದ್ಸಲ ಕೈಕೊಟ್ರೂ ನೀನು ಊರಿಗೆ ಬಂದ್ಬುಡ್ಬೇಕು," ಎಂದರು.

ಕೈಕೊಟ್ಟೇಬಿಟ್ಟವು. ಒಂದು ಸಂಜೆ ಲೋಹಿತಾ ಗಾಲಿಕುರ್ಚಿಯಿಂದ ಮಂಚಕ್ಕೆ ಸರಿದಾಗ ಕುರ್ಚಿ ಹಿಂದಕ್ಕೆ ಉರುಳಿ ಕೈಗೆಟುಕದಷ್ಟು ದೂರ ಹೋಯಿತು. ಅದೇ ಹೊತ್ತಿಗೆ ಬೀದಿ ಅಗೆಯುತ್ತಿದ್ದವರು ನೆಟ್ಟಿನ ತಂತಿ ಕತ್ತರಿಸಿದರು. ಅವಳು ಫೋನು ಒತ್ತಿದಳು. ದೀಪ ಹೊತ್ತಲಿಲ್ಲ, ಬಾಗಿಲು ತೆರೆಯಲಿಲ್ಲ. ಫೋನಿನಲ್ಲಿ ನನ್ನನ್ನು ಕರೆಯಲು ಅವಳಿಗೆ ಆಯಿತು, ಬೀಗಕ್ಕೆ ಹೇಳಲು ಆಗಲಿಲ್ಲ. ನಾನು ಹೋಗಿ, ಪಕ್ಕದ ಮನೆಯವರನ್ನು ಕೂಗಿ, ಹಿಂಬಾಗಿಲ ಚಿಲಕ ಮುರಿಸಿ ಒಳಗೆ ಹೋದೆ. ಕತ್ತಲಲ್ಲಿ ಕುಳಿತಿದ್ದವಳು ಅತ್ತಿರಲಿಲ್ಲ. ಬ್ಯಾಟರಿ ಬಿಟ್ಟು ನೋಡಿದರೆ, ಕೋಪದಿಂದ ಮೂಗು ಮಾತ್ರ ಕೆಂಪಾಗಿತ್ತು.

ಮರುದಿನವೇ ತಂದೆ ಬಂದರು. "ಗಾಡಿ ತರಿಸ್ತೀನಿ. ಸಾಮಾನು ಕಟ್ಟು."

"ಕೈಕೊಟ್ಟಿದ್ದು ಬೀಗ ಕಣಪ್ಪ, ನಾನಲ್ಲ. ಬರೋ ಅಮಾಸೆ ಗಂಟ ಟೈಮ್ ಕೊಡು. ಆಮ್ಯಾಕೆ ನೀನು ಹೇಳ್ದಂಗೆ ಕೇಳ್ತೀನಿ."

ಅವರು ಗೊಣಗುತ್ತ ಒಪ್ಪಿದರು. ಅಮಾವಾಸ್ಯೆಯವರೆಗೆ ತಾಯಿ ಬಂದು ಜೊತೆಗಿದ್ದರು.

ತಪ್ಪು ಎಲ್ಲಿದೆಯೆಂದು ಲೋಹಿತಾ ಓದಿ ತಿಳಿದುಕೊಂಡಳು, ನನಗೂ ತಿಳಿಸಿದಳು. "ಸಾರ್, ನಾನು ಮಂಚದ ಮ್ಯಾಲೆ ಕೂತು ಒತ್ತಿದ್ರೆ, ಆ ಅಪ್ಪಣೆ ಯಾವ್ದೋ ದೇಶದಲ್ಲಿರೋ ಕಂಪನಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಬೀಗ ತೆಗೀಬೇಕು. ಮಂಚದಿಂದ ಬಾಗ್ಲಿಗೆ ಮೂರು ಮಾರೂ ಇಲ್ಲ. ಅಷ್ಟಕ್ಕೆ ಸಮುದ್ರ ದಾಟಿ ಬರ್ಬೇಕಾ?" ಮನೆಯೊಳಗೇ ಒಂದಕ್ಕೊಂದು ಮಾತನಾಡಿಕೊಳ್ಳುವ ಸಾಧನಗಳೂ ಇವೆಯಂತೆ. ಅವನ್ನೇ ಆರಿಸಬೇಕೆಂದು ನನ್ನನ್ನೂ ಆಟೋದಲ್ಲಿ ಕೂರಿಸಿಕೊಂಡು ಸಿರಾಕ್ಕೆ ಹೊರಟಳು.

ಕುತುಬುದ್ದೀನ್ ಸಾಹೇಬರ ಎಲೆಕ್ಟ್ರಿಕಲ್ ಅಂಗಡಿ ಅದು. ಅವರು ಹುರುಪಿನಿಂದ ಒಂದು ಬಲ್ಬು ಹಚ್ಚಿದರು. "ನೋಡಿ ಅಮ್ಮಾ, ಏಕ್‌ದಂ ಫಸ್ಟ್ ಕ್ಲಾಸ್. ಹಾಡಿಗೆ ತಕ್ಕಂಗೆ ಬಣ್ಣ ಬದಲಾಯಿಸ್ತದೆ."

"ಬಣ್ಣ ಇರ್ಲಿ ಸಾಹೇಬ್ರೆ. ನೆಟ್ ಕಿತ್ತು ತೋರಿಸಿ."

"ಅರೆ! ನೆಟ್ ಕಿತ್ತರೆ ಸ್ಮಾರ್ಟ್ ಹೆಂಗಾಗ್ತದೆ?"

"ಅಂಗಾರೆ ನೆಟ್ಟು ಜಾಣ, ನಿಮ್ ಬಲ್ಬು ಪೆದ್ದು ಅಂದಂಗಾಯ್ತು."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ತಂತಿ ಕಿತ್ತರು. ಬಣ್ಣದ ಬಲ್ಬು ಮಂಕಾಗಿ ಕುಳಿತಿತು. ಮತ್ತೊಂದು ಸಾಧನ ನೆಟ್ ಇಲ್ಲದೆಯೂ ನಡೆಯಿತು. ಆದರೆ ಮೊದಲ ಸಲ ಕೂಡಿಸುವಾಗ ಕಂಪನಿಯಲ್ಲಿ ಖಾತೆ ತೆರೆಯಲೇಬೇಕೆಂದಿತು. ಲೋಹಿತಾ ಅದನ್ನೂ ಸರಿಸಿದಳು. "ಇವತ್ತು ಕೇಳಿದ್ದು ನಾಳೆ ಇನ್ನೊಂದ್ಸಲ ಕೇಳುತ್ತೆ. ಬ್ಯಾಡ." ಸಾಹೇಬರಿಗೂ ಈಗ ಆಟದ ಹುಕಿ ಹತ್ತಿತು. ಊಟಕ್ಕೂ ಹೋಗದೆ ಒಳಗಿನ ಡಬ್ಬಗಳನ್ನೆಲ್ಲ ಹೊರಗೆ ತಂದರು. ಕಡೆಗೆ ಉಳಿದವು ಇವು: ಬಲ್ಬಿನೊಡನೆ ನೇರವಾಗಿ ಜೋಡಿಯಾಗುವ, ಮಡಿಲಲ್ಲಿ ಇಟ್ಟುಕೊಳ್ಳಬಹುದಾದ ಬಟನ್; ಬ್ಯಾಟರಿ ಸೆಲ್ಲಿನಿಂದ ನಡೆಯುವ, ತನ್ನದೇ ರಿಮೋಟಿರುವ ಬೀಗ; ಅವಕ್ಕೆಲ್ಲ ಹೊತ್ತು ಹೊತ್ತಿಗೆ ಕೆಲಸ ಹಂಚುವ ಒಂದು ಸಣ್ಣ ಡಬ್ಬಿ. ಮೂರಕ್ಕೂ ನೆಟ್ ಬೇಡ.

ಅಮಾವಾಸ್ಯೆಯ ಸಂಜೆ ಮಹಾಲಿಂಗಯ್ಯನವರು ಬಂದರು. ನಾನು ಮೂಲೆಯಲ್ಲಿ ಕುಳಿತಿದ್ದೆ. ಪರೀಕ್ಷೆಯ ದಿನ ಮಕ್ಕಳಿಗಿಂತ ಮೇಷ್ಟರಿಗೆ ಎದೆಬಡಿತ ಹೆಚ್ಚು.

"ನೀನೇ ನೆಟ್ ಕೀಳಪ್ಪ," ಎಂದಳು ಲೋಹಿತಾ.

ಅವರು ಅರ್ಧ ಕೆಲಸ ಮಾಡುವವರಲ್ಲ. ನೆಟ್ಟಿನ ತಂತಿ ಕಿತ್ತರು. ಪಕ್ಕದಲ್ಲಿದ್ದ ಸಣ್ಣ ಡಬ್ಬಿಯ ತಂತಿಯನ್ನೂ ಕಿತ್ತರು.

"ಅಯ್ಯೋ, ಅದು ನೆಟ್ಟಲ್ಲ ಕಣಪ್ಪ, ನನ್ ಡಬ್ಬಿ!"

"ಕೀಳು ಅಂದೆ, ಕಿತ್ತೆ. ಈಗ ಒತ್ತು ನೋಡಾನ."

ಅವಳು ಕ್ಷಣಕಾಲ ತುಟಿ ಕಚ್ಚಿದಳು. ಬಟನ್ ಒತ್ತಿದಳು. ದೀಪ ಹೊತ್ತಿತು! ಬಟನ್ನಿಗೂ ಬಲ್ಬಿಗೂ ನಡುವೆ ಡಬ್ಬಿಯ ದಲ್ಲಾಳಿತನವೂ ಬೇಕಿರಲಿಲ್ಲ. ಮಹಾಲಿಂಗಯ್ಯನವರು ಬಲ್ಬನ್ನೇ ನೋಡಿದರು. ಆಮೇಲೆ ಸೀದಾ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆ ಮಾಡಿದರು. ಮನೆ ಕತ್ತಲಾಯಿತು.

"ಈಗ್ಲೋ?"

"ಈಗ ಕರೆಂಟ್ ಹೋಯ್ತು," ಎಂದಳು ಮಗಳು, ನಗುತ್ತ. "ಕರೆಂಟ್ ಹೋದ್ರೆ ಊರಿಗೆಲ್ಲ ಕತ್ಲು ಕಣಪ್ಪ, ನನಗೊಬ್ಬಳಿಗೇ ಅಲ್ಲ. ಎಲ್ರೂ ಬ್ಯಾಟ್ರಿ ಹುಡುಕ್ದಂಗೆ ನಾನೂ ಹುಡುಕ್ತೀನಿ." ತಲೆದಿಂಬಿನ ಕೆಳಗಿನ ಬ್ಯಾಟರಿ ಹಚ್ಚಿ, ರಿಮೋಟ್ ಒತ್ತಿದಳು. ಬೀಗ ಟಕ್ಕೆಂದಿತು. ಬೀದಿಯ ಬೆಳಕು ಬಾಗಿಲ ಸಂದಿನಿಂದ ಒಳಗೆ ಬಂತು.

ಮಹಾಲಿಂಗಯ್ಯನವರು ಮೇನ್ ಸ್ವಿಚ್ ಮೇಲೆತ್ತಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು. ತಾವು ತಂದಿದ್ದ ಗಾಡಿಗೆ ಹೆಂಡತಿಯ ಚೀಲವನ್ನಷ್ಟೇ ಹಾಕಿಸಿದರು. ಹೆಂಡತಿಯೂ ನಾನೂ ಹೊರಗೆ ಬಂದ ಮೇಲೆ, "ಬಾಗ್ಲು ಹಾಕ್ಕೊ ಮಗಾ," ಎಂದರು. ಬಾಗಿಲು ಮುಚ್ಚಿ ಬೀಗ ಬಿದ್ದ ಸದ್ದು ಕೇಳಿದ ಮೇಲೆಯೇ ಗಾಡಿ ಹತ್ತಿದ್ದು.

ನಲವತ್ತು ವರ್ಷ ಪಾಠ ಹೇಳಿದ ನನಗೆ ಶಿಷ್ಯರ ಪದಕಗಳನ್ನು ಕಂಡು ಹೆಮ್ಮೆಯಾದದ್ದುಂಟು. ಅಂದಿನ ಹೆಮ್ಮೆ ಬೇರೆ ಬಗೆಯದು. ಮನೆಯವರೆಗೂ ನನ್ನೊಡನೆ ನಡೆದು ಬಂತು.

ಲೋಹಿತಾ ಈಗಲೂ ಆ ಮನೆಯಲ್ಲೇ ಇದ್ದಾಳೆ. ವಾರವೆಲ್ಲ ಕಚೇರಿ. ರಜೆಯ ದಿನಗಳಲ್ಲಿ ಹಾಸಿಗೆ ಹಿಡಿದವರ, ನಡೆಯಲಾರದವರ ಮನೆಗಳಿಗೆ ಹೋಗಿ ಯಾವ ಬಲ್ಬು, ಯಾವ ಬೀಗ ಎಂದು ಆರಿಸಿಕೊಡುತ್ತಾಳೆ. ಹೋದ ತಿಂಗಳು ಆಂಧ್ರದ ಗಡಿಯ ತಿರುಮಣಿಯ ಅಜ್ಜಿಯೊಬ್ಬರಿಗೆ ತನ್ನ ಹರಕುಮುರಕು ತೆಲುಗಿನಲ್ಲಿ ಬಟನ್ ಒತ್ತುವುದನ್ನು ಕಲಿಸಿ ಬಂದಳು. ಸದ್ಯ ಅಡುಗೆಕಟ್ಟೆಯನ್ನು ತಗ್ಗಿಸಬೇಕೆಂದು ಮನೆಯ ಮಾಲೀಕರೊಡನೆ ಜಗಳ ನಡೆಸಿದ್ದಾಳೆ.

ಮೊನ್ನೆ ಶನಿವಾರ ನಾನು ಹೋದಾಗ ಮಹಾಲಿಂಗಯ್ಯನವರು ಅವರೆಕಾಯಿಯ ಚೀಲ ಹಿಡಿದು ಹೊರಗೆ ನಿಂತಿದ್ದರು. ಬೀಗದ ಕೀಲಿಯೊಂದು ಅವರ ಜೇಬಿನಲ್ಲಿಯೂ ಇದೆಯೆಂದು ನನಗೆ ಗೊತ್ತು. ತೆಗೆಯಬಹುದಲ್ಲ ಎಂದೆ.

"ಅವ್ಳ ಮನೆ ಕಣ್ರೀ ಮೇಷ್ಟ್ರೆ, ಅವ್ಳೇ ತೆಗೀಲಿ," ಎಂದರು.

ಒಳಗಿನಿಂದ, "ಜಡೆ ಹಾಕ್ಕೊಂತಿವ್ನಿ, ಇರಪ್ಪ!" ಎಂಬ ದನಿ ಬಂತು. ನಾವಿಬ್ಬರೂ ಜಗುಲಿಯ ಮೇಲೆ ಕುಳಿತೆವು.