ಸೊಟ್ಟಗೆ ನಿಂತ ಕಾಲಾಳು

ನಮ್ಮ ಅತ್ತಿಗೆಯ ಕೈ ಸುಮ್ಮನಿರುವುದಿಲ್ಲ. ಬಾಗಿಲಲ್ಲಿ ಅಡ್ಡಾದಿಡ್ಡಿ ಬಿದ್ದ ಚಪ್ಪಲಿ, ಗೋಡೆಯ ಮೇಲೆ ವಾಲಿದ ಕ್ಯಾಲೆಂಡರು, ಅಣ್ಣ ಎದ್ದುಹೋದ ಕುರ್ಚಿ, ಎಲ್ಲವೂ ಅವಳು ಹಾದುಹೋದ ಮೇಲೆ ನೆಟ್ಟಗಾಗಿರುತ್ತವೆ. "ನನ್ ಸೊಸೆ ಹೇಳಿಸ್ಕೊಂಡು ಮಾಡೋ ಪೈಕಿ ಅಲ್ಲ" ಎಂದು ಅಮ್ಮ ಬಂದವರ ಮುಂದೆ ಹೊಗಳುತ್ತಾಳೆ. ಹೊಗಳುವಾಗ ಅಮ್ಮ ಕೂತಿರುತ್ತಾಳೆ.

ಹಗಲೆಲ್ಲ ಅತ್ತಿಗೆಗೆ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿನಗೂಲಿ ಕೆಲಸ. ಇನ್ನೂ ಹಬೆಯಾಡುವ ಹೊದಿಕೆಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾಳೆ. ಅವಳಿಗೆ ಚದುರಂಗ ಕಲಿಸಿದ್ದು ಕ್ಷೌರದಂಗಡಿ ಇಟ್ಟಿದ್ದ ಅವಳಪ್ಪ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ನಮ್ಮ ಮನೆಗೆ ಬಂದಮೇಲೆ ಜೊತೆಗೆ ಆಡುವವರಿರಲಿಲ್ಲ. ಒಲೆಯ ಮುಂದೆ ನಿಂತು ತಲೆಯೊಳಗೇ ಆಡಿಕೊಳ್ಳುತ್ತಿದ್ದಳು.

ವಲಯ ಮಟ್ಟದ ನೌಕರರ ಕ್ರೀಡಾಕೂಟದಲ್ಲಿ ಪದಕ ಗೆದ್ದ ದಿನಗೂಲಿಯವರ ಕೆಲಸ ಕಾಯಂ ಆಗುತ್ತದೆ ಎಂದು ಗೊತ್ತಾದದ್ದೇ ತಡ, ಅವಳು ಹೆಸರು ಕೊಟ್ಟಳು. ಓಟ, ಗುಂಡೆಸೆತ, ವಾಲಿಬಾಲುಗಳ ಜೊತೆ ಚದುರಂಗವೂ ಇತ್ತು.

"ಕೂತ್ಕೊಂಡು ಆಡೋದೂ ಒಂದು ಆಟಾನಾ?" ಅಣ್ಣ ನಕ್ಕ.

"ಕೂರೋಕೆ ಸಿಗತ್ತಲ್ಲ, ಅದಕ್ಕೇ ಹೋಗ್ತಿದೀನಿ" ಎಂದಳು.

ಎಲ್ಲರಿಗೂ ಅಡುಗೆ ಮಾಡಿಟ್ಟೇ ಹೊರಟಳು. ಜೊತೆಗೆ ನಾನೂ ಹೋದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಆಟ ಗೆದ್ದರೆ ಪದಕ ಎನ್ನುವಲ್ಲಿಗೆ ಬಂದಿದ್ದಳು. ಎದುರಿಗೆ ಲೆಕ್ಕಪತ್ರ ವಿಭಾಗದ ಗುಮಾಸ್ತ. ಒದ್ದೆ ಟವೆಲ್ ಎಸೆದ ಹಾಗೆ ಕಾಯಿ ಇಡುವವನು. ಆಗಲೇ ಒಂದು ಕುದುರೆ ಕಳಕೊಂಡು ಬೆವರುತ್ತಿದ್ದ. ಹೊರಗೆ ವಾಲಿಬಾಲಿನ ಸೀಟಿ, ಕೂಗಾಟ. ಅವನೊಂದು ಕಾಲಾಳನ್ನು ಮುಂದಕ್ಕೆ ತಳ್ಳಿದ. ಅದು ಅರ್ಧ ಚೌಕದೊಳಗೆ, ಅರ್ಧ ಗೆರೆಯ ಮೇಲೆ ನಿಂತಿತು.

ಅತ್ತಿಗೆ ತಲೆ ತಗ್ಗಿಸಿ ಯೋಚಿಸುತ್ತಿದ್ದಳು. ಕೈ ತಾನಾಗಿಯೇ ಹೋಗಿ ಆ ಕಾಲಾಳನ್ನು ಬೆರಳ ತುದಿಯಿಂದ ಚೌಕದ ನಡುವೆ ನಿಲ್ಲಿಸಿತು.

"ಮುಟ್ಟಿದ್ರಿ" ಎಂದ ಗುಮಾಸ್ತ. "ಹೊಡೀಲೇಬೇಕು."

"ಸೊಟ್ಟಗಿತ್ತು. ನೆಟ್ಟಗೆ ಮಾಡ್ದೆ, ಅಷ್ಟೆ."

ತೀರ್ಪುಗಾರರು ಬಂದರು. ಎದುರಾಳಿಯ ಕಾಯಿ ಮುಟ್ಟಿದವರು ಅದನ್ನು ಹೊಡೆಯಲೇಬೇಕು, ಅದು ನಿಯಮ. "ಸರಿ ಮಾಡೋದಿದ್ರೆ, 'ಸರಿ ಮಾಡ್ತೀನಿ' ಅಂತ ಮೊದ್ಲು ಹೇಳ್ಬೇಕಮ್ಮ. ಹೇಳಿದ್ರಾ?"

"ಹೇಳಿ ಮಾಡಿ ಅಭ್ಯಾಸ ಇಲ್ಲ ಸಾರ್."

ಆ ಕಾಲಾಳನ್ನು ಹೊಡೆಯಬಲ್ಲದ್ದು ಅವಳ ರಾಣಿಯೊಂದೇ. ಕಾಲಾಳಿನ ಹಿಂದೆ ಅವನ ಆನೆ ಕಾಯುತ್ತಿತ್ತು. ಅತ್ತಿಗೆ ಕಾಲಾಳನ್ನು ಎತ್ತಿ ಪಕ್ಕಕ್ಕಿಟ್ಟು, ರಾಣಿಯನ್ನು ಆ ಚೌಕದ ನಟ್ಟನಡುವೆ ನಿಲ್ಲಿಸಿದಳು. ಅವನು ರಾಣಿಯನ್ನು ಹೊಡೆದ. ಆಮೇಲೆ ಅತ್ತಿಗೆ ಸೋಲಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಎದ್ದುಹೋದ ಕುರ್ಚಿ ಓರೆಯಾಗಿ ಉಳಿಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೇ ಇದ್ದಳು. ಕೊನೆಗೆ ಜವಾನ ಬಂದು ಮೇಜು ಬೇಕು ಎಂದ.

ಸಂಜೆ ಇಬ್ಬರೂ ಮನೆಗೆ ಬಂದೆವು. ಮನೆಯ ಬಾಗಿಲಲ್ಲಿ ಚಪ್ಪಲಿಗಳು ದಿಕ್ಕಿಗೊಂದು ಬಿದ್ದಿದ್ದವು.

"ಏನಾಯ್ತು?" ಒಳಗಿಂದ ಅಣ್ಣ ಕೇಳಿದ.

"ಸೋತೆ."

"ಹೋಗ್ಲಿ ಬಿಡು, ಇದ್ದ ಕೆಲ್ಸ ಇದ್ದೇ ಇದೆಯಲ್ಲ. ಹಸಿವಾಗ್ತಿದೆ."

ಅತ್ತಿಗೆ ಹೊಸಲಿನಲ್ಲೇ ನಿಂತು ಚಪ್ಪಲಿಗಳನ್ನು ನೋಡಿದಳು. ಆಮೇಲೆ ಮನೆಗೆಲ್ಲ ಕೇಳುವಂತೆ, "ಸರಿ ಮಾಡ್ತೀನಿ" ಎಂದಳು.

ಅಮ್ಮ ಕೂತಲ್ಲಿಂದಲೇ ಕತ್ತೆತ್ತಿದಳು. "ಅದನ್ನೇನೇ ಹೇಳೋದು? ಮಾಡು."