ಗೌರಿಯ ಮುಂದೆ ಇಟ್ಟ ಕಾರಖಾನೆ

ಆ ಗೊಂಬೆಗಳನ್ನು ಮಾಡಬಾರದಿತ್ತು ಎಂದು ಈಗಲೂ ಕೆಲವರು ಹೇಳುತ್ತಾರೆ. ಹೇಳಲಿ. ಅದೇ ವರ್ಷ ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಮಾಡುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಕೊಲ್ಲಾಪುರದಲ್ಲಿ ಬಿ.ಎ. ಮುಗಿಸಿ ನಾನು ಇಚಲಕರಂಜಿಯ ಕನ್ನಡ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ; ಶಾಲೆಯಲ್ಲಿ ಕಲಿಸುವವಳೆಂದು ಓಣಿಯವರಿಗೆಲ್ಲ ನಾನು ಅಕ್ಕೋರು. ವಾಸ ಸೋದರತ್ತೆಯ ಮನೆಯಲ್ಲಿ. ಹಬ್ಬಕ್ಕೆ ಗೌರಿಯ ಮುಂದೆ ಗೊಂಬೆಗಳನ್ನು ಹೂಡಿ ಒಂದು ಕಥೆ ಹೇಳುವುದು ಅಲ್ಲಿಯ ಪದ್ಧತಿ. ಅದಕ್ಕೆ ಆರಾಸ ಎನ್ನುತ್ತಾರೆ. ಗಡಹಿಂಗ್ಲಜದ ನನ್ನ ಅಜ್ಜಿ ಅದರಲ್ಲಿ ಪಳಗಿದ ಕೈ. ಮೂರ್ತಿ ಮಾಡುವ ಶಾಡೂ ಮಣ್ಣಿಗೆ ಹತ್ತಿ ಸೇರಿಸಿ ನಾದುವುದು, ಒಳಗೆ ತಂತಿ ಬಾಗಿಸುವುದು, ಮೇಲೆ ಹಳೆ ಸೀರೆಯ ಚೂರು ಉಡಿಸುವುದು, ತಲೆಗೆ ಕರಿ ನೂಲು ಅಂಟಿಸುವುದು, ಎಲ್ಲ ಅವಳಿಂದ ಕಲಿತದ್ದು.

ನಮ್ಮ ಓಣಿಯ ತುದಿಗೆ ಒಂದು ಮಗ್ಗದ ಕಾರಖಾನೆ ಇತ್ತು. ಅಲ್ಲಿ ಹೆಂಗಸರು ಕಾಂಡಿ ತುಂಬುತ್ತಿದ್ದರು, ಅಂದರೆ ಲಾಳಿಯೊಳಗೆ ಕೂಡುವ ಕಡ್ಡಿಗೆ ನೂಲು ಸುತ್ತುತ್ತಿದ್ದರು. ಅವರಲ್ಲಿ ಒಬ್ಬಳು ನನಗಾಗಿ ತುಂಡು ನೂಲು ತೆಗೆದಿಡುತ್ತಿದ್ದಳು. ಕಾರಖಾನೆಯ ಹಿತ್ತಲ ಕೋಣೆಯಲ್ಲೇ ಅವಳ ಮನೆ. ಶ್ರಾವಣದ ಒಂದು ಮಧ್ಯಾಹ್ನ ನಾನು ಕಾರಖಾನೆಗೆ ಹೋಗಿ ಬಾಗಿಲಲ್ಲಿ ನಿಂತು ಕೂಗಿದೆ: "ಅಕ್ಕಾ, ಕರಿ ನೂಲು ಐತೇನ್ರಿ?"

ಮಾಡಿನ ಕೆಳಗೆ ಉದ್ದನೆಯ ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಪ್ರತಿ ಯಂತ್ರಕ್ಕೂ ಚರ್ಮದ ಪಟ್ಟಾ ಇಳಿದಿತ್ತು. ಅವಳು ಪಟ್ಟಾದ ಆಚೆಗಿದ್ದ ಬುಟ್ಟಿಗೆ ಬಲಗೈ ಚಾಚಿದಳು. ಪಟ್ಟಾದ ಜೋಡಣೆಯ ಕಬ್ಬಿಣ ಸೀರೆಯನ್ನು ಹಿಡಿಯಿತು. ಅವಳು ನೆಲ ಬಿಟ್ಟು ಮೇಲಕ್ಕೆ ಹೋದಳು. ನಾನು ಕಿರಿಚಿದೆ, ಅಷ್ಟೇ. ಮೋಟಾರಿನ ಗುಂಡಿ ನನ್ನಿಂದ ಎರಡು ಮಾರು ದೂರದ ಗೋಡೆಯಲ್ಲೇ ಇತ್ತು. ಯಾರೋ ನೇಕಾರ ಓಡಿ ಬಂದು ಬಂದ್ ಮಾಡಿದ.

ಕೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಮೊಣಕೈವರೆಗೆ ತೆಗೆದರು. ನಾನು ಕರಿಹಲಗೆಯ ಮೇಲೆ ಮಗ್ಗಿ ಬರೆಯುತ್ತ ಬರೆಯುತ್ತ ಮನಸ್ಸಿನಲ್ಲೇ ಆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಪ್ರತಿ ಸಲ ಕೂಗುತ್ತಿದ್ದೆ. ಪ್ರತಿ ಸಲ ಗುಂಡಿ ಕಾಣುತ್ತಿತ್ತು, ಕಾಲು ಏಳುತ್ತಿರಲಿಲ್ಲ.

ಹದಿನೈದು ದಿನದಲ್ಲಿ ಕಾರಖಾನೆಯಿಂದ ಒಂದು ಮಾತು ಹೊರಟಿತು. ಅವಳ ಸೆರಗು ಜೋತುಬಿದ್ದಿತ್ತಂತೆ. ಬಾಗಿಲಲ್ಲಿ ಯಾರೋ ಕರೆದರೆಂದು ತಿರುಗಿದಳಂತೆ. ತಪ್ಪು ಅವಳದೇ ಅಂತೆ. ಕಾರಖಾನೆಯ ಕಾರಕೂನ, ದಿವಾಣಜಿ ಅನ್ನುತ್ತಿದ್ದರು ಅವನಿಗೆ, ಅದನ್ನೇ ಕಾಗದದಲ್ಲಿ ಬರೆಸಿ ಇಟ್ಟಿದ್ದ. ಆಸ್ಪತ್ರೆಯಿಂದ ಬಂದೊಡನೆ ಅವಳು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಪರಿಹಾರವಿಲ್ಲ, ಕೆಲಸವಿಲ್ಲ, ಕೋಣೆಯನ್ನೂ ಬಿಡಬೇಕು.

ಕಾಂಡಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. "ನಾವ್ ನೋಡಿಲ್ರಿ ಅಕ್ಕೋರ" ಎಂದರು ಎಲ್ಲರೂ. ಮರುದಿನ ಅದೇ ಪಟ್ಟಾದ ಪಕ್ಕ ಕೂರಬೇಕಾದವರು ಅವರು. ನಾನೂ ಏನು ಶೂರಳಾಗಿರಲಿಲ್ಲ. ಕೂಗಿದ್ದೆ ಎಂಬುದನ್ನು ಅತ್ತೆಗೂ ಹೇಳಿರಲಿಲ್ಲ.

ಹೇಳಲಾಗದ್ದನ್ನು ಮಾಡಲು ಕೂತೆ. ಮುರಿದ ಛತ್ರಿಯ ಕೋಲು ಮಾಡಿನ ದಂಡವಾಯಿತು. ಹರಿದ ಚಪ್ಪಲಿಯ ಚರ್ಮ ಸೀಳಿ ಪಟ್ಟಾ ಮಾಡಿದೆ. ಕಡ್ಡಿಪೆಟ್ಟಿಗೆ, ಕಸಬರಿಗೆ ಕಡ್ಡಿಗಳಿಂದ ಮಗ್ಗಗಳು ಎದ್ದವು. ನೋಡುತ್ತಿದ್ದ ಅತ್ತೆ ಸೊಂಟದ ಮೇಲೆ ಕೈ ಇಟ್ಟಳು.

"ಗೌರಿ ಮುಂದ ಇಂಥಾದ್ ಇಡ್ತಾರೇನ ಹುಚ್ಚಿ? ಮಂದಿ ಕೃಷ್ಣನ್ನ ಇಡ್ತಾರ, ತೊಟ್ಟಿಲಾ ಇಡ್ತಾರ."

"ರಕ್ತಾ ತೋರಸಂಗಿಲ್ಲ ಅತ್ತಿ. ಕೈ ಚಾಚಿದ್ದಷ್ಟ ತೋರಸ್ತೇನಿ."

"ಮಾಲಕನ ಮನಿಗೆ ಗೊತ್ತಾದ್ರ?"

"ಗೊತ್ತಾಗ್ಲಿ ಅಂತನ ಮಾಡಾಕತ್ತೇನಿ."

ಅವಳ ಗೊಂಬೆಗೆ ಸೆರಗು ಜೋತುಬಿಟ್ಟೆ. ಕೇಳಿ ಕೇಳಿ ನಾನೂ ಅದನ್ನೇ ನಂಬಿಬಿಟ್ಟಿದ್ದೆ. ಬಾಗಿಲಲ್ಲಿ ನನ್ನನ್ನೂ ನಿಲ್ಲಿಸಿದೆ, ಬಾಯಿ ತೆರೆದವಳನ್ನು.

ಗೌರಿ ಬಂದ ಮರುದಿನ ಓಣಿಯ ಹೆಂಗಸರೆಲ್ಲ ಅರಿಷಿಣ ಕುಂಕುಮಕ್ಕೆ ಬಂದರು. ಕಾಂಡಿಯವರೂ ಬಂದರು.

"ಅಯ್ಯ, ಇದು ನಮ್ಮ ಕಾರಖಾನಿ! ನನ್ನ ನೋಡ್ರೆ, ಎಷ್ಟ ತೆಳ್ಳಗ ಮಾಡ್ಯಾರ ಅಕ್ಕೋರು!"

"ನಿನ್ನಷ್ಟ ಮಾಡಾಕ ಮಣ್ಣ ಸಾಲಿರಾಕಿಲ್ಲ ಬಿಡ."

ನಗು ನಿಂತ ಮೇಲೆ ಒಬ್ಬ ಮುದುಕಿ ಬಗ್ಗಿ ನೋಡಿದಳು. "ಸೆರಗ ತಪ್ಪ ಮಾಡೀರಿ. ಕಾಂಡಿಗೆ ಕುಂತಾಕಿ ಯಾರ ಸೆರಗ ಜೋತ ಬಿಡ್ತಾಳ? ಆಕಿ ಸೊಂಟಕ್ಕ ಬಿಗಿದ ಕಟ್ಟಿದ್ಲು. ನಾ ಬಾಜೂಕ ಇದ್ದೆ."

ನೋಡಿಲ್ಲ ಎಂದು ನನಗೆ ಹೇಳಿದವಳೇ ಅವಳು. ಮಾತು ಹೊರಬಿದ್ದಾಗಿತ್ತು. ಇನ್ನೊಬ್ಬಳು ಪಟ್ಟಾದ ಪಕ್ಕ ಬೆರಳಿಟ್ಟಳು.

"ಇಲ್ಲಿ ಪಟ್ಟಾಕ ಅಡ್ಡ ಹಲಗಿ ಇತ್ತಲ್ಲ?"

"ಇತ್ತು. ಹೊಸಾ ಮಗ್ಗಾ ಕುಂಡ್ರಸಾಕ ಯುಗಾದಿಗೆ ಕಿತ್ತ ಒಗದ್ರು. ಕಂಬದಾಗ ಮೊಳಿ ಇನ್ನೂ ಅದಾವ. ಮೊಳಿ ಹಚ್ಚ್ರಿ ಅಕ್ಕೋರ, ಖರೇ ಕಾಣ್ಲಿ."

ನಾನು ಕೇಳಿದಾಗ ಬಾಯಿ ಬಿಡದವರು, ಮಣ್ಣಿನಲ್ಲಿ ತಪ್ಪು ಕಂಡಾಗ ತಡೆಯಲಾರದೆ ಹೋದರು. ಪೂಜೆಯಾದ ಆರಾಸವನ್ನು ಗೌರಿ ಹೋಗುವವರೆಗೆ ಕದಲಿಸುವಂತಿಲ್ಲ. "ಕದಲಸಬ್ಯಾಡ, ನಿಂತಲ್ಲೇ ತಿದ್ದ" ಎಂದು ಅತ್ತೆ ತಾನೇ ಗುಂಡುಸೂಜಿ ತಂದುಕೊಟ್ಟಳು. ಸೆರಗು ಸೊಂಟಕ್ಕೆ ಏರಿತು. ಕಂಬಕ್ಕೆ ಮೊಳೆಗಳು ಬಂದವು.

"ಇಲ್ಲಿ ಬಾಯಿ ತಗದ ನಿಂತಾಕಿ ಯಾರ್ರಿ?"

"ನಾನು. ಆಗ ಕೂಗಿದ್ದೆ" ಎಂದೆ. ಅತ್ತೆ ತಿರುಗಿ ನನ್ನನ್ನೇ ನೋಡಿದಳು.

"ಆ ಗದ್ದಲದಾಗ ನಿಮ್ಮ ದನಿ ಆಕಿಗೆ ಕೇಳಸ್ತಂದ್ರ ಆಕಿ ಮನಷ್ಯಾಳ ಅಲ್ಲ ಬಿಡ್ರಿ" ಎಂದಳು ಮುದುಕಿ. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಮರುದಿನ ಬೆಳಿಗ್ಗೆ ದಿವಾಣಜಿ ಬಂದ. ಆರಾಸ ನೋಡಿ ಹೊಸ್ತಿಲಲ್ಲೇ ನಿಂತ. "ಹೇ ಕಾಯ್ ಲಾವ್‌ಲಯ್? ಏನ ಹಚ್ಚೀರಿ ಇದು? ಮೊದ್ಲ ತಗೀರಿ ಇದನ್ನ."

"ಅಕ್ಷತಿ ಬಿದ್ದೈತಿ," ಅತ್ತೆ ಎಂದಳು. "ಗೌರಿ ಹೋಗೂತನಕಾ ಒಂದು ಕಡ್ಡೀನೂ ಅಳ್ಳಾಡಸಂಗಿಲ್ಲ. ನಿಮ್ಮ ಮಾಲಕರ ತಾಯೀನ್ನ ಕೇಳ್ರಿ, ಅವ್ರ ಮನ್ಯಾಗೂ ಇದ ಪದ್ಧತಿ."

ಅವನು ನನ್ನ ಕಡೆ ತಿರುಗಿದ. "ಅಕ್ಕೋರ, ಸಾಲಿ ನೌಕರಿ ಬ್ಯಾಡಾಗೈತೇನು?"

"ಸಂಜೀಕ ಗೌರಿ ಹೋಗ್ತಾಳ, ಆಮ್ಯಾಲ ಬರ್ರಿ," ಎಂದೆ. "ನೋಡೂ ಮಂದಿ ಎಲ್ಲಾರೂ ನೋಡಿ ಹೋಗ್ಯಾರ."

ಆ ಮಧ್ಯಾಹ್ನವೇ ಅವಳು ಆಸ್ಪತ್ರೆಯಿಂದ ಬಂದಳು. ಕಾಂಡಿಯ ಹೆಂಗಸರು ಅವಳನ್ನು ಬಸ್ಸಿನಿಂದ ಇಳಿಸಿ ನೇರವಾಗಿ ನಮ್ಮ ಮನೆಗೆ ಕರೆತಂದರು. ಮೊಂಡು ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೌರಿಯ ಮುಂದೆ ಕುಳಿತಳು. ತನ್ನ ಗೊಂಬೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ನನ್ನ ಗೊಂಬೆಗೆ ಬೆರಳು ಮಾಡಿದಳು.

"ನೀವು ಬಂದಿದ್ದು ನನಗ ಗೊತ್ತ ಇದ್ದಿಲ್ರಿ. ಕಾಂಡಿ ಮುಗಿದಿದ್ವು. ಬುಟ್ಟಿಗೆ ಕೈ ಹಾಕ್ದೆ."

ಅಷ್ಟರಲ್ಲಿ ಅವಳನ್ನು ಕೋಣೆಯಲ್ಲಿ ಕಾಣದೆ ದಿವಾಣಜಿ ಹುಡುಕಿಕೊಂಡು ಬಂದ, ಕಾಗದ ಮತ್ತು ಮಸಿಯ ಡಬ್ಬಿಯೊಂದಿಗೆ. ಅಷ್ಟೊಂದು ಹೆಂಗಸರನ್ನು ಕಂಡು ದನಿ ಇಳಿಸಿದ. "ಬಲಗೈ ಇಲ್ಲಂದ್ರೂ ನಡೀತೈತಿ. ಎಡಗೈದು ಒತ್ತ."

ಅವಳು ಎಡಗೈಯನ್ನು ಎತ್ತಿ ತಾನೇ ಒಮ್ಮೆ ನೋಡಿಕೊಂಡಳು.

"ಉಳಿದಿದ್ದು ಇದೊಂದ ರೀ. ಇದನ್ನೂ ನಿಮಗ ಕೊಡಂಗಿಲ್ಲ."

ಅವನು ಮುದುಕಿಯನ್ನು ನೋಡಿದ. ಮುದುಕಿ ಕಣ್ಣು ಕೆಳಗೆ ಹಾಕಲಿಲ್ಲ. "ನಾ ನೋಡೇನಿ," ಎಂದಳು, "ಎಲ್ಲಿ ಕೇಳಿದ್ರೂ ಹೇಳ್ತೇನಿ." ಅವನು ಕಾಗದ ಮಡಚಿ ಅಂಗಿಯ ಕಿಸೆಗೆ ತುರುಕಿಕೊಂಡು ಹೋದ.

ಪರಿಹಾರಕ್ಕಾಗಿ ಅವಳು ಕೊಲ್ಲಾಪುರಕ್ಕೆ ವರ್ಷಗಟ್ಟಲೆ ಅಲೆದಳು, ಕೊನೆಗೆ ಒಂದಿಷ್ಟು ಸಿಕ್ಕಿತು. ಆದರೆ ತಪ್ಪು ತನ್ನದು ಎಂದು ಅವಳ ಹೆಬ್ಬೆಟ್ಟು ಯಾವ ಕಾಗದದಲ್ಲೂ ಇಲ್ಲ.

ಆ ಸಲ ಗೌರಿ ಹೋದ ಮರುದಿನ ಬೆಳಿಗ್ಗೆ ಕಾಂಡಿಯ ಹೆಂಗಸರು ಒಳಗೆ ಹೋಗದೆ ಕಾರಖಾನೆಯ ಹೊಸ್ತಿಲ ಹೊರಗೆ ಸಾಲಾಗಿ ಕುಳಿತರು. "ಹಲಗಿ ಹಚ್ಚ್ರಿ, ಬರ್ತೇವಿ." ಶಾಲೆಗೆ ಹೊರಟಿದ್ದ ನಾನು ಚೀಲ ಕೆಳಗಿಟ್ಟು ಅವರ ಪಕ್ಕ ಕುಳಿತೆ. ಒಳಗೆ ಪಟ್ಟಾಗಳು ಸದ್ದು ಮಾಡುತ್ತಲೇ ಇದ್ದವು. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು. ಏಳಲಿಲ್ಲ. ಬಡಿಗ ಹಲಗೆ ಹೊತ್ತು ಬರುವಾಗ ಮಧ್ಯಾಹ್ನವಾಗಿತ್ತು.